ನೇತ್ರಾಣಿಯ ಶಾರ್ಕ್, ತುಂಗೆಯ ದೇವರ ಮೀನು

(ಬೇಗಾರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಳ್ಳ ಮತ್ತು ಕಾಡಿನ ವಿಷಯ ಮಾತನಾಡಬೇಕಾದ ಊರಿನಲ್ಲಿ ಕಡಲಿನ ಶಾರ್ಕ್ ಮೀನಿನ ಪ್ರಸ್ತಾಪವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬೇಗಾರಿನಿಂದ ಹೊರಟು, ಆಗುಂಬೆಯ ಘಾಟಿಯನ್ನು ಇಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿ, ಕುಂದಾಪುರದ ಬಳಿ ಹೆದ್ದಾರಿಯನ್ನು ಸೇರಿ ಉತ್ತರಕ್ಕೆ ಸಾಗಿದರೆ ಭಟ್ಕಳ, ಅದರಾಚೆ ಮುರ್ಡೇಶ್ವರ. ಮಲೆನಾಡಿನ ಕುಟುಂಬಗಳಿಗೂ ಶಾಲಾ ಕಾಲೇಜುಗಳ ಪ್ರವಾಸಗಳಿಗೂ ಇದು ಪರಿಚಿತವಾದ ಹಾದಿ. ಹಿಂದಿನವರು ದೇವರ ದರ್ಶನ ಮಾಡಿ, ಅಲೆಗೆ ಕಾಲೊಡ್ಡಿ ಮರಳುತ್ತಿದ್ದರು. ಇಂದಿನ ತರುಣರಲ್ಲಿ ಅನೇಕರು ಅಲ್ಲಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿಯುತ್ತಾರೆ. ಪುನೀತ್ ರಾಜಕುಮಾರ್ ಅವರು ಕಾಣಿಸಿಕೊಂಡ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಆ ಕಡಲಾಳವನ್ನು ಕಂಡವರೂ ಈ ಸಭೆಯಲ್ಲಿ ಇರಬಹುದು. ಮಲೆನಾಡಿಗೆ ಬಂದ ಪ್ರವಾಸಿ ಹೇಗೆ ನಡೆದುಕೊಳ್ಳಬೇಕೆಂದು ಈ ಭಾಗದ ಜನ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದೇ ಜನ ಕಡಲಿಗೆ ಹೋದಾಗ ತಾವೇ ಪ್ರವಾಸಿಗಳಾಗುತ್ತಾರೆ. ಅಲ್ಲಿ ಅವರ ನಡತೆ ಹೇಗಿರಬೇಕು ಎಂಬುದೇ ಇಂದಿನ ವಿಷಯ.

ನೇತ್ರಾಣಿಯು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಇರುವ ಕಲ್ಲುಬಂಡೆಯ ದ್ವೀಪ. ಬ್ರಿಟಿಷರ ಕಾಲದ ನಕಾಶೆಗಳಲ್ಲಿ ಅದು ಪಾರಿವಾಳದ ದ್ವೀಪ. ಜನವಸತಿ ಇಲ್ಲದ ಆ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಭಾರತೀಯ ನೌಕಾಪಡೆಯು ಇದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದುಂಟು. ಅದನ್ನು ಪರಿಸರಾಸಕ್ತರು ಆಕ್ಷೇಪಿಸಿದ್ದೂ ಉಂಟು. ದ್ವೀಪದ ಬುಡದಲ್ಲಿ, ನೀರಿನೊಳಗೆ, ಬಂಡೆಗಳ ಮೈಮೇಲೆ ಹವಳ ಬೆಳೆದಿದೆ. ಕರ್ನಾಟಕದ ಕರಾವಳಿಯಲ್ಲಿ ಹವಳದ ಇಂತಹ ನೆಲೆಗಳು ಬಹಳ ಕಡಿಮೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಚಿಟ್ಟೆಮೀನು, ಗಿಳಿಮೀನುಗಳ ನಡುವೆ ಕೆಲವೊಮ್ಮೆ, ಅದೃಷ್ಟವಿದ್ದವರಿಗೆ ಮಾತ್ರ, ಹವಳದ ದಿಬ್ಬದ ಶಾರ್ಕ್ ಕಾಣಿಸಿಕೊಳ್ಳುತ್ತದೆ.

ಕಡಲಿಗೆ ಇಳಿಯುವ ಈ ಕ್ರೀಡೆಗೆ ಸ್ಕೂಬಾ ಡೈವಿಂಗ್ ಎಂದು ಹೆಸರು. ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ಎಂಬುವರು 1943ರಲ್ಲಿ ರೂಪಿಸಿದ ಉಸಿರಾಟದ ಸಾಧನದಿಂದ ಇದು ಜನಸಾಮಾನ್ಯರಿಗೆ ಸಾಧ್ಯವಾಯಿತು. ಮೊದಲ ಬಾರಿಗೆ ಇಳಿಯುವವನನ್ನು ತರಬೇತುದಾರ ಹಿಡಿದುಕೊಂಡೇ ಕರೆದೊಯ್ಯುತ್ತಾನೆ. 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಮೊದಲಿಗೆ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಿದರೆ ಸಡಿಲವಾಗುತ್ತದೆ. ಬಾಯಿಂದ ಮಾತ್ರ ಉಸಿರಾಡಬೇಕು. ತನ್ನದೇ ಉಸಿರಿನ ಸದ್ದು, ಏರಿಹೋಗುವ ಗುಳ್ಳೆಗಳ ಸದ್ದು, ಇವೆರಡರ ಹೊರತು ಬೇರೇನೂ ಹತ್ತಿರದಲ್ಲಿ ಕೇಳಿಸದು. ಹೀಗೆ ನಿಂತವನ ದೃಷ್ಟಿಯ ಅಂಚಿನಲ್ಲಿ ಬೂದುಬಣ್ಣದ ಮೈಯೊಂದು ಅವಸರವಿಲ್ಲದೆ ಸಾಗಿಹೋಗುತ್ತದೆ. ಬೆನ್ನಿನ ಈಜುರೆಕ್ಕೆಯ ತುದಿ ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪಗಿರುತ್ತದೆ. ಅದು ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್. ಸಾಮಾನ್ಯವಾಗಿ ಮನುಷ್ಯನಷ್ಟೇ ಉದ್ದ, ಅಥವಾ ಅದಕ್ಕಿಂತ ಕಡಿಮೆ. ಒಮ್ಮೆ ತಿರುಗಿ ನೋಡಿ ಅದು ದೂರ ಸರಿಯುತ್ತದೆ. ಅಷ್ಟೇ ದರ್ಶನ. ಮೇಲೆ ಬಂದವನು ದಿನವಿಡೀ ಅದನ್ನೇ ಹೇಳುತ್ತಿರುತ್ತಾನೆ.

ಇಲ್ಲಿ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ಒಂದು ಭೌತವಿಜ್ಞಾನದ ಪಾಠವಿದೆ. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಪುಪ್ಪುಸದ ತುಂಬ ಎಳೆದುಕೊಂಡ ಗಾಳಿ ನೀರಿನ ಮಟ್ಟಕ್ಕೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಆದುದರಿಂದಲೇ ಉಸಿರು ಕಟ್ಟಿಕೊಂಡು ಮೇಲೇರಬಾರದು ಎಂಬುದು ಸ್ಕೂಬಾದ ಮೊದಲ ನಿಯಮ. ಒತ್ತಡದಲ್ಲಿ ಉಸಿರಾಡಿದ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಒತ್ತಡ ಬೇಗನೆ ಇಳಿದರೆ ಗುಳ್ಳೆಗಟ್ಟುತ್ತದೆ. ಡೈವ್ ಮುಗಿಸಿದವರು ಕೂಡಲೇ ವಿಮಾನ ಹತ್ತಬಾರದೆನ್ನುವುದು ಇದಕ್ಕಾಗಿಯೇ. ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಏರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ತಜ್ಞರ ಸಲಹೆ. ಆಗುಂಬೆಯಾಗಲಿ ಶೃಂಗೇರಿಯಾಗಲಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿವೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಗೆ ಘಾಟಿಯೇರುವ ಅವಸರ ಬಯಲುಸೀಮೆಯವರಿಗಿಂತ ಮಲೆನಾಡಿನವರಿಗೇ ಇರುವಂಥದು. ಆ ರಾತ್ರಿ ಕರಾವಳಿಯಲ್ಲಿಯೇ ಉಳಿಯುವುದು ಕ್ಷೇಮ.

ಇನ್ನು ಶಾರ್ಕಿನ ವಿಷಯ. ತುಳುವಿನಲ್ಲಿ ತಾಟೆ ಎಂದೂ ಕೊಂಕಣಿಯಲ್ಲಿ ಮೋರಿ ಎಂದೂ ಕರೆಯುವ ಈ ಮೀನನ್ನು ಕರಾವಳಿಯವರು ಊಟಕ್ಕೆ ಬಲ್ಲರು. ಉಳಿದವರು ಹೆಚ್ಚಾಗಿ ಸಿನಿಮಾದ ಭಯದಿಂದ ಬಲ್ಲರು. ಜಗತ್ತಿನಾದ್ಯಂತ ಕೆಣಕದೆಯೇ ಶಾರ್ಕ್ ಮನುಷ್ಯನನ್ನು ಕಚ್ಚಿದ ಪ್ರಕರಣಗಳು ಸರಾಸರಿ ವರ್ಷಕ್ಕೆ 60ರಿಂದ 70. ಸಾವುಗಳು ಸುಮಾರು 6. ಮನುಷ್ಯನಿಂದ ಸಾಯುವ ಶಾರ್ಕುಗಳ ಲೆಕ್ಕ ಬೇರೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಮೀನುಗಾರಿಕೆಯಿಂದ ಸತ್ತ ಶಾರ್ಕುಗಳ ಸಂಖ್ಯೆ 2012ರಲ್ಲಿ ಕನಿಷ್ಠ 7.6 ಕೋಟಿ, 2019ರಲ್ಲಿ 8 ಕೋಟಿಗೂ ಹೆಚ್ಚು. 2020ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ 58 ದೇಶಗಳ 371 ಹವಳದ ದಿಬ್ಬಗಳಲ್ಲಿ ನೀರೊಳಗೆ ಕ್ಯಾಮೆರಾ ಇಟ್ಟು ನೋಡಲಾಯಿತು. ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ.

ಭಯದ ಪ್ರಾಣಿಯೊಂದಿಗೆ ಬಾಳುವುದು ಈ ಸೀಮೆಗೆ ಹೊಸದಲ್ಲ. ಶೃಂಗೇರಿಯ ತುಂಗೆಯ ದಡದಲ್ಲಿ, ಹೆರುವ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ನೀಡಿದ ಕಥೆಯನ್ನು ಮಕ್ಕಳಿಗೆ ಹೇಳದ ಮನೆಯಿಲ್ಲ. ತೋಟಕ್ಕೆ ಕಾಳಿಂಗ ಬಂದರೆ ಬಡಿಗೆ ಹಿಡಿಯದೆ, ಹಿಡಿದು ಕಾಡಿಗೆ ಬಿಡುವವರಿಗೆ ಹೇಳಿಕಳುಹಿಸುವ ರೂಢಿ ಇಂದು ಮಲೆನಾಡಿನ ಹಲವು ಊರುಗಳಲ್ಲಿ ನೆಲೆಗೊಂಡಿದೆ. ಇಲಿಯನ್ನು ತಿನ್ನುವ ಹಾವನ್ನು ತಿನ್ನುವ ಕಾಳಿಂಗಕ್ಕೆ ಕಾಡಿನಲ್ಲಿ ಯಾವ ಸ್ಥಾನವಿದೆಯೋ, ಹವಳದ ದಿಬ್ಬದಲ್ಲಿ ಬೇಟೆಯ ಮೀನುಗಳ ನಡುವೆ ಶಾರ್ಕಿಗೂ ಹೆಚ್ಚುಕಡಿಮೆ ಅಂಥದೇ ಸ್ಥಾನವಿದೆ.

ಶಾರ್ಕಿನ ನಿಜವಾದ ದೌರ್ಬಲ್ಯ ಅದರ ಸಂತಾನದಲ್ಲಿದೆ. ಹೊಳೆಯ ಮೀನು ಮಳೆಗಾಲದ ಹೊಸನೀರಿಗೆ ಹತ್ತುಮೀನಾಗಿ ಬಂದು ಸಾವಿರಗಟ್ಟಲೆ ಮೊಟ್ಟೆಯಿಡುವುದನ್ನು ಇಲ್ಲಿಯವರು ಕಂಡಿದ್ದಾರೆ. ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಹಾಗಲ್ಲ. ಅದು ತಿಂಗಳುಗಟ್ಟಲೆ ಗರ್ಭ ಹೊತ್ತು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳನ್ನು ಹಡೆಯುತ್ತದೆ. ಆ ಮರಿಗಳು ಪ್ರಾಯಕ್ಕೆ ಬರಲು ವರ್ಷಗಳು ಬೇಕು. ಸಂತಾನದ ಲೆಕ್ಕದಲ್ಲಿ ಅದು ಮೀನಿಗಿಂತ ಎಮ್ಮೆ, ಕಾಟಿಗಳಿಗೇ ಹತ್ತಿರ. ಒಂದು ದಿಬ್ಬದ ಹತ್ತಾರು ಶಾರ್ಕುಗಳು ಬಲೆಗೆ ಬಿದ್ದರೆ ಆ ಜಾಗ ಬಹುಕಾಲ ಬರಿದಾಗಿಯೇ ಉಳಿಯುತ್ತದೆ. ಜಾಗತಿಕ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಜಾತಿ 2020ರಿಂದ ಅಪಾಯಕ್ಕೆ ಈಡಾಗಬಲ್ಲವುಗಳ ಸಾಲಿನಲ್ಲಿದೆ.

ಇದರ ಹೊಣೆಯನ್ನು ನಾಡದೋಣಿಯ ಮೀನುಗಾರನ ತಲೆಗೆ ಕಟ್ಟುವುದು ಅನ್ಯಾಯ. ಬೇರೆ ಮೀನಿಗೆ ಬಿಟ್ಟ ಬಲೆಗೇ ಅನೇಕ ಶಾರ್ಕುಗಳು ಬೀಳುತ್ತವೆ. ಪೂರ್ವ ಏಷ್ಯಾದ ಔತಣಗಳ ಸೂಪಿಗೆ ಈಜುರೆಕ್ಕೆ ಒದಗಿಸುವ ವ್ಯಾಪಾರ ಈ ಹಾನಿಯನ್ನು ಹಲವು ಪಟ್ಟು ಹೆಚ್ಚಿಸಿತು. ಕಾನೂನು ತಡವಾಗಿಯಾದರೂ ಬಂದಿತು. 2001ರಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು. ಹವಳಕ್ಕೂ ಅದೇ ವರ್ಷ ಆ ರಕ್ಷಣೆ ದೊರೆಯಿತು. 2013ರಲ್ಲಿ ರೆಕ್ಕೆ ಕತ್ತರಿಸಿ ದೇಹವನ್ನು ಕಡಲಿಗೆಸೆಯುವ ಕ್ರಮವನ್ನು ನಿಷೇಧಿಸಲಾಯಿತು. 2015ರಲ್ಲಿ ರೆಕ್ಕೆಯ ರಫ್ತನ್ನೇ ಭಾರತ ನಿಲ್ಲಿಸಿತು. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ ರಾಷ್ಟ್ರಗಳು ಬ್ಲ್ಯಾಕ್‌ಟಿಪ್ ಸೇರಿರುವ ಇಡೀ ಶಾರ್ಕ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದವು. ಇಷ್ಟಾದರೂ ಸಾವಿನ ಅಂಕಿ ಏರಿದ್ದನ್ನು ಮೇಲೆ ಹೇಳಿದ ಅಧ್ಯಯನವೇ ತೋರಿಸುತ್ತದೆ. ಕಾನೂನು ಬೇಕು, ಆದರೆ ಅದೊಂದೇ ಸಾಲದು.

ಹಾಗಾದರೆ ಪ್ರವಾಸೋದ್ಯಮ ಶಾರ್ಕನ್ನು ಉಳಿಸಬಲ್ಲದೆ? ಹೌದೆನ್ನುವವರು ಪಲಾವು ಎಂಬ ಪುಟ್ಟ ದ್ವೀಪರಾಷ್ಟ್ರದ ಉದಾಹರಣೆ ಕೊಡುತ್ತಾರೆ. ಆ ದೇಶ 2009ರಲ್ಲಿ ತನ್ನ ಇಡೀ ಕಡಲನ್ನು ಶಾರ್ಕುಗಳ ಅಭಯಧಾಮವೆಂದು ಘೋಷಿಸಿತು. ಅಲ್ಲಿಯ ಹವಳದ ದಿಬ್ಬದ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಪ್ರವಾಸಿಗರಿಂದ ಸುಮಾರು 19 ಲಕ್ಷ ಡಾಲರ್ ಆದಾಯ ತರುತ್ತದೆಂದೂ ಕೊಂದು ಮಾರಿದರೆ ಸಿಗುವುದು ನೂರು ಡಾಲರಿನ ಆಸುಪಾಸು ಎಂದೂ 2011ರ ಅಧ್ಯಯನವೊಂದು ಲೆಕ್ಕ ಹಾಕಿತು. ಮಾಲ್ದೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಡೈವಿಂಗಿಗೆ ಬರುವ ಪ್ರವಾಸಿಗರ ಆದಾಯವೂ ಅದಕ್ಕೆ ಕಾರಣವಾಗಿತ್ತು. ಜೀವಂತ ಪ್ರಾಣಿಯ ಬೆಲೆ ಸತ್ತ ಪ್ರಾಣಿಗಿಂತ ಹೆಚ್ಚು ಎಂಬ ಈ ವಾದ ಸರ್ಕಾರಗಳಿಗೆ ಬೇಗ ಅರ್ಥವಾಗುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ಈ ವಾದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಮಲೆನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನೋಟಕ್ಕೆ ಬೆಲೆ ಬಂದ ಮೇಲೆ ನೋಟ ತಪ್ಪದಂತೆ ಮಾಡುವ ಆತುರ ಹುಟ್ಟುತ್ತದೆ. ಶಾರ್ಕ್ ಕಂಡೇ ಕಾಣಬೇಕೆಂದು ಕೆಲವು ದೇಶಗಳಲ್ಲಿ ಮೀನಿನ ತುಂಡುಗಳನ್ನು ನೀರಿಗೆ ಚೆಲ್ಲಿ ಅವನ್ನು ಕರೆಯುತ್ತಾರೆ. ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಕುರುಕಲು ಎಸೆಯುವವರನ್ನು ಇಲ್ಲಿಯವರು ನಿತ್ಯ ಕಾಣುತ್ತಾರೆ. ಕಾಡಿನ ಹಣ್ಣು ಮರೆತ ಮಂಗ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕುತ್ತದೆ, ಇಲ್ಲವೇ ತೋಟಕ್ಕೆ ನುಗ್ಗುತ್ತದೆ. ಬಿಸ್ಕತ್ತು ಎಸೆದವನು ಅಷ್ಟುಹೊತ್ತಿಗೆ ತನ್ನೂರು ಸೇರಿರುತ್ತಾನೆ. ಬಾಳೆಗೊನೆ ಕಳೆದುಕೊಳ್ಳುವವನು ಇಲ್ಲಿಯ ರೈತ. ತುತ್ತಿಗೆ ಒಗ್ಗಿದ ಶಾರ್ಕ್ ದೋಣಿಯ ಸದ್ದಿಗೆ ಹತ್ತಿರ ಬರಲು ಕಲಿತರೆ ಅದರ ಫಲ ಉಣ್ಣಬೇಕಾದವರೂ ಪ್ರವಾಸಿಗಳಲ್ಲ, ಅಲ್ಲಿಯ ಮೀನುಗಾರರು ಮತ್ತು ಆ ಶಾರ್ಕ್.

ಇನ್ನೊಂದು ತೊಂದರೆ ಸಂಖ್ಯೆಯದು. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಹಾದಿಗೆ ಒಮ್ಮೆಗೇ ಸಾವಿರಾರು ಚಾರಣಿಗರು ಬಂದುದನ್ನು ಎಲ್ಲರೂ ಕೇಳಿದ್ದಾರೆ. ಅದರ ಬಳಿಕವೇ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯನ್ನೂ ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯನ್ನೂ ತಂದಿತು. ಕಡಲಿನಲ್ಲಿ ಕಾಲುದಾರಿ ಕಾಣಿಸುವುದಿಲ್ಲವಾದ್ದರಿಂದ ಸವೆದದ್ದೂ ಕಾಣಿಸುವುದಿಲ್ಲ. ಹವಳದ ಗಟ್ಟಿಯಾದ ಮೈ ಕಲ್ಲಿನಂತೆ ಕಂಡರೂ ಅದರ ಮೇಲ್ಪದರ ಜೀವಂತ. ಅನೇಕ ಜಾತಿಯ ಹವಳಗಳು ವರ್ಷಕ್ಕೆ ಬೆರಳಗಲವೂ ಬೆಳೆಯುವುದಿಲ್ಲ. ದೋಣಿಯ ಒಂದು ಲಂಗರು, ಕಲಿಯುವವನ ಕಾಲಿನ ಒಂದು ಒದೆತ, ‘ಮುಟ್ಟಿ ನೋಡೋಣ’ ಎಂಬ ಒಂದು ಬೆರಳು, ಇವು ಹತ್ತಾರು ವರ್ಷಗಳ ಬೆಳವಣಿಗೆಯನ್ನು ಕ್ಷಣದಲ್ಲಿ ಮುರಿಯಬಲ್ಲವು.

ಇಲ್ಲಿ ತುಂಗೆಯ ಮೀನುಗಳನ್ನು ನೆನೆಯಬೇಕು. ಶೃಂಗೇರಿಯ ಸ್ನಾನಘಟ್ಟದಲ್ಲಿ ಮೊಳಕೈ ಉದ್ದದ ಮೀನುಗಳು ಭಕ್ತರ ಕಾಲ ಬಳಿಯೇ ಆಡುತ್ತವೆ. ತೀರ್ಥಹಳ್ಳಿಯ ಕಡೆಯ ಚಿಬ್ಬಲಗುಡ್ಡೆಯಲ್ಲಿಯೂ ಹೊಳೆಯ ಒಂದು ಭಾಗ ಮತ್ಸ್ಯಧಾಮವಾಗಿದೆ. ಇವು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ನೋಡಲು ಬಂದವರು ಮಂಡಕ್ಕಿ ಎರಚುತ್ತಾರೆ. ಮೀನು ಮಂಡಕ್ಕಿಯಿಂದ ಉಳಿದಿದೆ ಎಂದು ಪ್ರವಾಸಿಗೆ ತೋರಬಹುದು. ಅದು ಉಳಿದದ್ದು ಗಾಳ ಹಾಕಬಾರದೆಂಬ ಕಟ್ಟಿನಿಂದ. ಆ ಕಟ್ಟನ್ನು ದಡದ ಜನ ತಲೆಮಾರುಗಳಿಂದ ಒಪ್ಪಿ ನಡೆಸಿಕೊಂಡು ಬಂದಿದ್ದಾರೆ. ಹೊಳೆಯ ಉಳಿದ ಭಾಗದಲ್ಲಿ ಮೀನು ಹಿಡಿಯುವವನೂ ಆ ಗಡಿಯೊಳಗೆ ಗಾಳ ಇಳಿಸುವುದಿಲ್ಲ. ಹೊರಗಿನಿಂದ ಬಂದವನು ಆ ಕಟ್ಟಿಗೆ ತಲೆಬಾಗಿಯೇ ನೋಡಬೇಕು.

ಕಡಲಿನಲ್ಲಿ ಇಂತಹ ಕಟ್ಟು ಸಾಧ್ಯವೆ? ಗುಜರಾತಿನ ವೆರಾವಲ್ ಕರಾವಳಿಯಲ್ಲಿ ಸಾಧ್ಯವಾಗಿದೆ. ಅಲ್ಲಿ ತಿಮಿಂಗಿಲ ಶಾರ್ಕುಗಳನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರವೊಂದು ಆ ಹತ್ಯೆಯನ್ನು ದೇಶಕ್ಕೆ ತೋರಿಸಿತು; ಕಾನೂನು ಬಂದಿತು. ಆದರೆ ಮೀನುಗಾರರ ಮನಸ್ಸು ತಿರುಗಿದ್ದು ಕಥಾಕಾರ ಮುರಾರಿ ಬಾಪು ಅವರ ಮಾತಿನಿಂದ. ಮರಿ ಹಾಕಲು ದಡಕ್ಕೆ ಬರುವ ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ ಎಂದು ಅವರು ತಿಳಿಹೇಳಿದರು. ಅಲ್ಲಿಂದ ಮುಂದೆ ಅದರ ಹೆಸರು ‘ವ್ಹಾಲಿ’, ಅಂದರೆ ಅಕ್ಕರೆಯವಳು. ಶಾರ್ಕ್ ಸಿಕ್ಕಿಕೊಂಡರೆ ಮೀನುಗಾರರೇ ಬಲೆ ಕತ್ತರಿಸಿ ಬಿಡಿಸುತ್ತಾರೆ. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೀಗೆ ಬಿಡುಗಡೆಯಾದವು ನೂರಾರು. ಬಡವನ ಬಲೆಗೆ ಬೆಲೆ ಕಟ್ಟಿಕೊಟ್ಟದ್ದು, ಮೀನಿಗೆ ಮಗಳ ಸ್ಥಾನ ಕೊಟ್ಟದ್ದು, ಈ ಎರಡೂ ಕೂಡಿದ್ದರಿಂದಲೇ ಅಲ್ಲಿ ಕಾನೂನು ಕಾಗದದಿಂದ ಕಡಲಿಗೆ ಇಳಿಯಿತು. ನೇತ್ರಾಣಿಯ ಸುತ್ತಲೂ ಅಂಥ ಒಪ್ಪಂದ ಬೆಳೆಯಬೇಕಾದರೆ ಭಟ್ಕಳ, ಮುರ್ಡೇಶ್ವರಗಳ ಮೀನುಗಾರರು ಅದರ ಮುಂಚೂಣಿಯಲ್ಲಿರಬೇಕು. ಅವರನ್ನು ಬಿಟ್ಟು ಹಾಕಿದ ಬೇಲಿ ನಿಲ್ಲದು.

ಮಲೆನಾಡಿಗೂ ಆ ಹವಳಕ್ಕೂ ಇನ್ನೊಂದು ನಂಟಿದೆ. ಶೃಂಗೇರಿಯ ಬದಿಯ ಮಳೆ ತುಂಗೆಯನ್ನು ಸೇರಿ ಪೂರ್ವಕ್ಕೆ ಹರಿಯುತ್ತದೆ. ನರಸಿಂಹ ಪರ್ವತದ ಕಡೆ ಹುಟ್ಟುವ ಸೀತಾನದಿ ಹೆಬ್ರಿ, ಬಾರಕೂರುಗಳ ದಾರಿಯಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಮುರ್ಡೇಶ್ವರಕ್ಕೆ ಉತ್ತರದ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಗುಡ್ಡ ಕಡಿದು ರಸ್ತೆ ಮಾಡಿದ ಮಣ್ಣು, ಕಾಡು ಬೋಳಾದ ಇಳಿಜಾರಿನ ಕೆಂಪು ನೀರು ಹೊಳೆಯೊಂದಿಗೆ ಇಳಿದು ಕರಾವಳಿಯ ಕಡಲನ್ನು ಕಲಕುತ್ತದೆ. ಹವಳದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು. ನೀರು ರಾಡಿಯಾದರೆ ಅದು ಸೊರಗುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಯ ಕೆಂಪು ನೀರನ್ನು ಕಂಡ ಜನಕ್ಕೆ ಹೂಳಿನ ಅರ್ಥ ಹೇಳಿಕೊಡಬೇಕಿಲ್ಲ. ಘಟ್ಟದ ಕಾಡು ಉಳಿಸಲು ದುಡಿದವರು ತಿಳಿದೋ ತಿಳಿಯದೆಯೋ ಕಡಲಿಗೂ ಉಪಕಾರ ಮಾಡಿದ್ದಾರೆ.

ಕಡಲಿನ ಬಿಸಿ ಏರುತ್ತಿರುವುದು ಎಲ್ಲಕ್ಕಿಂತ ದೊಡ್ಡ ಆತಂಕ. ಲಕ್ಷದ್ವೀಪದ ಹವಳ 1998, 2010, 2016 ಮತ್ತು 2024ರ ಬಿಸಿಯಲ್ಲಿ ಬಿಳಿಚಿಕೊಂಡಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ದಶಕಗಳಿಂದ ಅಲ್ಲಿ ಲೆಕ್ಕವಿಟ್ಟಿದ್ದಾರೆ. 1998ರಿಂದೀಚೆಗೆ ಅವರು ಗಮನಿಸಿದ ದ್ವೀಪಗಳಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿದೆ. ಲಕ್ಷದ್ವೀಪದ ಅಮೀನಿ, ಕದಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದಿಬ್ಬ ಸತ್ತರೆ ಅದನ್ನು ನಂಬಿದ ಮೀನಿಲ್ಲ, ಮೀನಿಲ್ಲದಲ್ಲಿ ಶಾರ್ಕಿಲ್ಲ.

ಇಷ್ಟನ್ನು ಕೇಳಿದ ಮೇಲೆ ನೇತ್ರಾಣಿಗೆ ಹೋಗಲೇಬಾರದೆಂದು ಯಾರೂ ತಿಳಿಯಬೇಕಾಗಿಲ್ಲ. ಕಂಡದ್ದರ ಮೇಲೆಯೇ ಮನುಷ್ಯನಿಗೆ ಅಕ್ಕರೆ ಹುಟ್ಟುವುದು. ಹೋಗುವವರು ಕೆಲವು ಕಟ್ಟುಗಳನ್ನು ಒಯ್ಯಬೇಕು. ದೋಣಿಯವರು ಹವಳದ ಮೇಲೆ ಲಂಗರು ಬಿಡುತ್ತಾರೆಯೇ, ಸ್ಥಿರವಾದ ತೇಲುಬುರುಡೆಗೆ ಹಗ್ಗ ಕಟ್ಟುತ್ತಾರೆಯೇ ಎಂದು ಹಣ ಕೊಡುವ ಮುನ್ನವೇ ಕೇಳಬೇಕು. ಒಬ್ಬ ತರಬೇತುದಾರನ ಕೈಗೆ ಎಷ್ಟು ಜನರನ್ನು ಒಪ್ಪಿಸುತ್ತಾರೆಂದು ವಿಚಾರಿಸಬೇಕು. ಈಜು, ಉಸಿರು, ಕಿವಿಯ ಅಭ್ಯಾಸವನ್ನು ಮೊದಲು ಹವಳವಿಲ್ಲದ ಕಡೆ ಮಾಡಿಸಿರೆಂದು ಕೇಳಿಕೊಳ್ಳಬೇಕು. ನೀರಿನಲ್ಲಿ ಏನನ್ನೂ ಮುಟ್ಟಬಾರದು, ಯಾವುದಕ್ಕೂ ಉಣಿಸಬಾರದು, ಶಾರ್ಕಿನ ಬೆನ್ನು ಹತ್ತಬಾರದು. ಸತ್ತ ಹವಳದ ಚೂರನ್ನಾದರೂ ನೆನಪಿಗೆಂದು ಚೀಲಕ್ಕೆ ಹಾಕಬಾರದು. ಅದು ಕಾನೂನಿನ ಕಣ್ಣಿನಲ್ಲಿಯೂ ಅಪರಾಧ. ಶಾರ್ಕ್ ಕಾಣಲಿಲ್ಲವೆಂದು ದೋಣಿಯವನೊಂದಿಗೆ ಜಗಳ ತೆಗೆಯಬಾರದು. ಕಾಣಲೇಬೇಕೆಂಬ ಒತ್ತಾಯದಿಂದಲೇ ಉಣಿಸುವ ಚಾಳಿ ಹುಟ್ಟುವುದು. ಮುಂಗಾರಿನಲ್ಲಿ ಕಡಲು ಮುಚ್ಚಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಆ ಬಿಡುವು ಕಡಲಿಗೆ ಅಗತ್ಯ, ಅದನ್ನು ಗೌರವಿಸಬೇಕು.

ವಿದ್ಯಾರ್ಥಿ ಮಿತ್ರರೇ, ಮಲೆನಾಡಿಗೆ ಬರುವ ಅತಿಥಿಯಿಂದ ಇಲ್ಲಿಯ ಜನ ಬಯಸುವುದು ಹೆಚ್ಚೇನೂ ಅಲ್ಲ. ಹಳ್ಳಕ್ಕೆ ಬಾಟಲಿ ಎಸೆಯದಿರಲಿ, ಮಂಗಕ್ಕೆ ತಿಂಡಿ ಹಾಕದಿರಲಿ, ಗದ್ದೆಯ ಅಂಚಿನಲ್ಲಿ ಕಾರು ನುಗ್ಗಿಸದಿರಲಿ, ಊರಿನವರ ಮಾತು ಕೇಳಲಿ ಎಂಬಷ್ಟೇ. ಕಡಲಿನ ಊರಿನವರ ಬಯಕೆಯೂ ಅಷ್ಟೇ. ನೇತ್ರಾಣಿಯ ನೀರಿಗೆ ಇಳಿಯುವ ಮುನ್ನ ತುಂಗೆಯ ಘಟ್ಟದ ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತು, ಹತ್ತಿರ ಬಂದ ಮೀನಿಗೆ ಕೈ ಚಾಚದೆ, ಸುಮ್ಮನೆ ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ ಆ ಪ್ರವಾಸಕ್ಕೆ ಬೇಕಾದ ಸಿದ್ಧತೆಯಲ್ಲಿ ಅರ್ಧ ಮುಗಿದಂತೆ.